‘ವಿನೆಟ್ಟಾ’ ಹಾಡಿನಲ್ಲಿ ಮೆಟ್ಟಿಲು ತಪ್ಪುವ ಜಾಗ

ಬ್ರಾಂಕ್ಸ್, ನ್ಯೂಯಾರ್ಕ್
6 ಅಕ್ಟೋಬರ್ 1996

ಗೌರವಾನ್ವಿತ ಹೊರೇಸ್ ಗ್ಯಾಡ್ಸ್‌ಡನ್ ಅವರಿಗೆ,

ನನ್ನ ಹೆಸರು ಮಿಗ್ದಾಲಿಯಾ ರೆಂಟಾಸ್. ನೀವು ನನ್ನನ್ನು ನೋಡಿಲ್ಲ. ಆದರೆ ನಿಮ್ಮ ದನಿ ನಾನು ಹದಿಮೂರರ ಹುಡುಗಿಯಾಗಿದ್ದಾಗಿನಿಂದ ನನ್ನ ಕಿವಿಯಲ್ಲಿದೆ. ಬಾಸ್ಟನ್ ರಸ್ತೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಮೊನ್ನೆ ನಿಮ್ಮ ದೊಡ್ಡಪ್ಪನ ಮಗಳು ಹ್ಯಾಟಿ, ಚರ್ಚಿನ ಗಾಯಕರ ನಿಲುವಂಗಿಗೆ ಅಂಚು ಹೊಲಿಸಲು ಬಂದಿದ್ದರು. ಅಂಗಡಿಯಲ್ಲಿ ‘ವಿನೆಟ್ಟಾ’ ಹಾಡು ಓಡುತ್ತಿತ್ತು. ಕೇಳಿದವರೇ, “ಅಯ್ಯೋ, ಇದು ನಮ್ಮ ಹೊರೇಸನ ಗಂಟಲಲ್ವೇನೇ!” ಅಂದುಬಿಟ್ಟರು. ನನ್ನ ಕೈಯಿಂದ ಕತ್ತರಿ ಜಾರಿತು. ನಾವು ಇಷ್ಟು ವರ್ಷ ಎಲ್ಲೆಲ್ಲೋ ಹುಡುಕಿದ ಮನುಷ್ಯನ ವಿಳಾಸ ಅವರ ಕೈಚೀಲದಲ್ಲೇ ಇತ್ತು ನೋಡಿ!

ನಾವೆಂದರೆ ನೈಟ್‌ಜಾರ್ಸ್ ಹಾಡುಗುಂಪಿನ ಅಭಿಮಾನಿ ಬಳಗ. ಕ್ಷೌರದಂಗಡಿಯ ಡೊನಾಟೊ ನಮ್ಮ ಅಧ್ಯಕ್ಷ, ನಾನು ಕಾರ್ಯದರ್ಶಿ. ಭಾನುವಾರ ಅವನ ಅಂಗಡಿಗೆ ಗಿರಾಕಿಗಳಿಲ್ಲ, ನಾವೇ ಸೇರುತ್ತೇವೆ. ನಿಮ್ಮ ಗುಂಪಿನ ಪರ್ಸಿ ಮ್ಯಾಪ್ ಈಗಲೂ ಮುಂದೆ ನಿಂತು ಹಾಡುತ್ತಾರೆ. ಬರುವ ಏಪ್ರಿಲ್ ಹತ್ತೊಂಬತ್ತರ ಶನಿವಾರ ಇಲ್ಲಿನ ಹೈಸ್ಕೂಲಿನ ದೊಡ್ಡ ಸಭಾಂಗಣದಲ್ಲಿ ಅವರ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ವಾದ್ಯ ಗೀದ್ಯ ಏನೂ ಇಲ್ಲ. ಬೀದಿ ಮೂಲೆಯಲ್ಲಿ ಹಾಡುತ್ತಿದ್ದ ಹಾಗೆ ಐದು ಗಂಟಲು, ಅಷ್ಟೇ. ಡೂ-ವಾಪ್ ಹಾಡುಗಳನ್ನು ಹಾಗೇ ಕೇಳಬೇಕು.

ಮಂದ್ರದ ಜಾಗ ನಿಮ್ಮದು. ನೀವು ಬಂದು ನಿಲ್ಲಬೇಕು. ‘ವಿನೆಟ್ಟಾ’ದ ನಡುವೆ ಮೆಟ್ಟಿಲು ತಪ್ಪುವ ಜಾಗ ಬರುತ್ತದಲ್ಲ, ಅದನ್ನು ನಿಮ್ಮ ಬಾಯಲ್ಲೇ ಕೇಳಬೇಕು ಅಂತ ನಮ್ಮೆಲ್ಲರ ಆಸೆ. ಜನ ಬರುವುದೇ ಅದಕ್ಕೆ.

ನಿಮ್ಮ ಉತ್ತರಕ್ಕೆ ಕಾದಿರುವ,
ಮಿಗ್ದಾಲಿಯಾ ರೆಂಟಾಸ್


ಡೇಟನ್, ಒಹಾಯೊ
19 ಅಕ್ಟೋಬರ್ 1996

ಶ್ರೀಮತಿ ರೆಂಟಾಸ್ ಅವರಿಗೆ,

ನೀವು ಹುಡುಕುತ್ತಿರುವ ವ್ಯಕ್ತಿ ನಾನಲ್ಲ. ನಾನು ಮೋಟಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ನನಗೂ ಹಾಡಿಗೂ ಸಂಬಂಧವಿಲ್ಲ.

ಆ ರೆಕಾರ್ಡನ್ನು ನಿಮ್ಮ ಅಂಗಡಿಯಲ್ಲಿ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಹ್ಯಾಟಿಗೆ ಬಾಯಿ ಸ್ವಲ್ಪ ಬಿಗಿ ಹಿಡಿಯಲು ಹೇಳಿ.

ಎಚ್. ಗ್ಯಾಡ್ಸ್‌ಡನ್


ಬ್ರಾಂಕ್ಸ್
27 ಅಕ್ಟೋಬರ್ 1996

ಗೌರವಾನ್ವಿತ ಗ್ಯಾಡ್ಸ್‌ಡನ್ ಅವರಿಗೆ,

ನಿಮ್ಮ ಕಾಗದವನ್ನು ಇಂದು ಬಳಗದ ಮುಂದೆ ಗಟ್ಟಿಯಾಗಿ ಓದಿದೆ. ಡೊನಾಟೊ ಎದ್ದು ನಿಂತು, “ಹಾಡಿಗೂ ನಂಗೂ ಸಂಬಂಧ ಇಲ್ಲ ಅನ್ನೋನಿಗೆ ರೆಕಾರ್ಡ್ ಹಾಕಿದ್ರೇನು, ಬಿಟ್ರೇನು? ಇವ್ನೇ ಕಣಮ್ಮ ಅವ್ನು! ಬಿಡಬೇಡ!” ಎಂದು ಕೂಗಿದ. ಎಲ್ಲರೂ ಕನ್ನಡಿ ಅದುರುವ ಹಾಗೆ ಚಪ್ಪಾಳೆ ತಟ್ಟಿದರು. ಆದ್ದರಿಂದ ಸ್ವಾಮಿ, ನೀವು ಸಿಕ್ಕಿಬಿದ್ದಿದ್ದೀರಿ.

ದೊಡ್ಡವರಿಗೆ ಬಿಗುಮಾನ ಇರುತ್ತದೆ, ನನಗೆ ಗೊತ್ತು. ಕರೆದ ಕೂಡಲೇ ಬಂದರೆ ಬೆಲೆ ಏನು? ಆದರೆ ಕರೆಯುತ್ತಿರುವವರು ಯಾರೆಂದೂ ತಿಳಿದುಕೊಳ್ಳಿ. ನಾವು ಚಪ್ಪಾಳೆಯ ವಿಷಯದಲ್ಲಿ ಬಲು ಜಿಪುಣರು. ಹೆಸರು ಮಾತ್ರ ಹಳೆಯದು, ಹಾಡುವವರೆಲ್ಲ ನಿನ್ನೆ ಮೊನ್ನೆ ಹುಟ್ಟಿದವರು ಎನ್ನುವಂಥ ಗುಂಪುಗಳು ಈಗ ಊರೂರು ತಿರುಗುತ್ತಿವೆ. ಅಂಥದೊಂದು ಗುಂಪು ಹೋದ ವರ್ಷ ಬಂದಿತ್ತು. ಅವರು ಮೊದಲ ಸಾಲು ಹಾಡುವಷ್ಟರಲ್ಲಿ ಡೊನಾಟೊ ಮುಂದಿನ ಸಾಲಿನಿಂದ, “ನೀನ್ಯಾರಪ್ಪ? ನಿಮ್ಮಜ್ಜ ಎಲ್ಲಿ?” ಎಂದು ಕೇಳಿಯೇ ಬಿಟ್ಟ. ಪಾಪ, ಆ ಹುಡುಗ ಸಾಲು ಮರೆತ.

ಅದೇ ಪರ್ಸಿ ಬಂದು ನಿಂತರೆ ನೋಡಬೇಕು ನಮ್ಮ ಜನವನ್ನು. ಅವರು ಒಂದು ಶ್ರುತಿ ಗುನುಗುತ್ತಾರೆ, ಉಳಿದವರು ಅದನ್ನು ಹಿಡಿಯುತ್ತಾರೆ, ಇದ್ದಕ್ಕಿದ್ದಂತೆ ಐದು ಗಂಟಲು ಸೇರಿ ಒಂದಾಗುತ್ತದೆ. ಆಗ ನನ್ನ ಮೈಮೇಲೆ ಈಗಲೂ ಮುಳ್ಳು ಏಳುತ್ತದೆ. ಪಕ್ಕದಲ್ಲಿ ಕುಳಿತ ಬಸ್ ಕಂಡಕ್ಟರೋ, ನರ್ಸೋ, ಯಾರೋ ಗೊತ್ತಿಲ್ಲದವರು ನನ್ನ ಕೈ ಹಿಡಿದುಕೊಳ್ಳುತ್ತಾರೆ. ಈ ಹಾಡು ನಮ್ಮ ಬೀದಿಯಲ್ಲಿ ಹುಟ್ಟಿದ್ದು ಸ್ವಾಮಿ, ನಮ್ಮ ಕಣ್ಣೆದುರು ಹುಟ್ಟಿದ್ದು. ಅದರ ಹೆಮ್ಮೆ ನಮಗೆ ಇಳಿದಿಲ್ಲ.

ಬರುತ್ತೇನೆ ಎಂದು ಒಂದು ಸಾಲು ಬರೆಯಿರಿ.

ಮಿಗ್ದಾಲಿಯಾ


ಬ್ರಾಂಕ್ಸ್
15 ಡಿಸೆಂಬರ್ 1996

ಗ್ಯಾಡ್ಸ್‌ಡನ್ ಅವರಿಗೆ,

ಒಂದು ಸಾಲೂ ಬರಲಿಲ್ಲ. ಆಗಲಿ. ಕ್ರಿಸ್ಮಸ್‌ಗೆಂದು ಬಾಳೆಲೆಯಲ್ಲಿ ಹಿಟ್ಟು, ಮಾಂಸ ಸುತ್ತಿ ಬೇಯಲು ಇಟ್ಟಿದ್ದೇನೆ, ಅದು ಬೇಯುವವರೆಗೆ ನಿಮ್ಮನ್ನು ಬೈಯುತ್ತಾ ಕೂತಿದ್ದೇನೆ.

ಜೊತೆಗೊಂದು ಕ್ಯಾಸೆಟ್ ಕಳಿಸಿದ್ದೇನೆ. ಹೋದ ತಿಂಗಳ ಕಾರ್ಯಕ್ರಮದ್ದು. ನಿಮ್ಮ ಜಾಗದಲ್ಲಿ ಈಗ ಬಾಡಿಗೆಗೆ ಕರೆಸಿದ ಒಬ್ಬ ಗಾಯಕ ನಿಲ್ಲುತ್ತಾನೆ. ಒಳ್ಳೆಯ ಮೈಕಟ್ಟು, ಒಳ್ಳೆಯ ದನಿ. ಅವನೂ ಆ ಜಾಗದಲ್ಲಿ ಮೆಟ್ಟಿಲು ತಪ್ಪುತ್ತಾನೆ. ಆದರೆ ನಿಮ್ಮಷ್ಟು ಚೆನ್ನಾಗಿ ತಪ್ಪುವುದು ಅವನ ಕೈಲಾಗುವುದಿಲ್ಲ. ಕೇಳಿ ನೋಡಿ, ನಿಮಗೇ ನಗು ಬರುತ್ತದೆ.

ಹಬ್ಬದ ಶುಭಾಶಯಗಳು, ಬಿಗುಮಾನದವರಿಗೂ.

ಮಿಗ್ದಾಲಿಯಾ


ಡೇಟನ್
11 ಜನವರಿ 1997

ಶ್ರೀಮತಿ ರೆಂಟಾಸ್ ಅವರಿಗೆ,

ಸಾಕು ಮಾಡಿ. ಮೊದಲ ಕಾಗದದಲ್ಲೇ ನೀವು ಚುಚ್ಚಿದಿರಿ, ಗೊತ್ತಿಲ್ಲದೆ ಬರೆದಿರಬಹುದೆಂದು ಸುಮ್ಮನಾದೆ. ಈಗ ‘ನಿಮ್ಮಷ್ಟು ಚೆನ್ನಾಗಿ ತಪ್ಪುವುದಿಲ್ಲ’ ಎಂದು ಬರೆದು, ನಗು ಬರುತ್ತದೆ ಎಂದೂ ಸೇರಿಸಿದ್ದೀರಿ. ನನಗೆ ನಗು ಬರಲಿಲ್ಲ. ಒಬ್ಬನ ತಪ್ಪಿಗೆ ಅಡ್ಡಹೆಸರಿಟ್ಟು, ಬಾಡಿಗೆಗೆ ಆಳು ಹಿಡಿದು ಅದನ್ನೇ ಮಾಡಿಸಿ, ಊರೆಲ್ಲ ಸೇರಿ ನಗುವ ಜನ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಈಗ ಮೂಲದವನನ್ನೇ ವೇದಿಕೆ ಹತ್ತಿಸಿ ನಗಬೇಕೆಂಬ ಆಸೆಯೇ?

ಹೌದು, ಆ ಹೊರೇಸ್ ನಾನೇ. ನಲವತ್ತು ವರ್ಷದ ಹಿಂದಿನ ಮಾತು, ನನಗಾಗ ಹದಿನೆಂಟು. ‘ವಿನೆಟ್ಟಾ’ದ ನಡುವೆ ಐದೂ ಜನ ಒಟ್ಟಿಗೆ ನಿಲ್ಲಿಸಬೇಕು, ಒಂದು ಪೂರ್ತಿ ತಾಳ ಎಲ್ಲ ನಿಶ್ಶಬ್ದ, ಆಮೇಲೆ ನಾನೊಬ್ಬನೇ ‘ಬೋಂ’ ಎಂದು ಎತ್ತಿಕೊಡಬೇಕು. ಪರ್ಸಿ ಕಟ್ಟಿದ್ದು ಹಾಗೆ. ಆ ನಿಶ್ಶಬ್ದವೇ ಹಾಡಿನ ಪ್ರಾಣ ಎನ್ನುತ್ತಿದ್ದ. ಸ್ಟುಡಿಯೋದಲ್ಲಿ ನಾನು ಅವಸರಪಟ್ಟು ಮೊದಲೇ ಬಂದುಬಿಟ್ಟೆ. ಪರ್ಸಿಯ ಉಸಿರು ಇನ್ನೂ ಗಾಳಿಯಲ್ಲಿತ್ತು, ನಾನು ಅದರ ಮೇಲೆ ಬಿದ್ದೆ. ಇನ್ನೊಂದು ಸಲ ಹಾಡುತ್ತೇವೆಂದು ಎಲ್ಲರೂ ಬೇಡಿಕೊಂಡೆವು. ಸ್ಟುಡಿಯೋದವನು, “ಸಾಕು ಸಾಕು, ಮುಂದಿನೋರು ಬನ್ರಪ್ಪಾ” ಎಂದ. ಬೀದಿಗೆ ಬಂದ ಮೇಲೆ ಪರ್ಸಿ, “ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡ್ದುಬಿಟ್ಟೆ ಕಣೋ” ಎಂದ. ಅವನು ಹೇಳಿದ್ದು ನಿಜವಾಗಿತ್ತು. ರೆಕಾರ್ಡ್ ಅಂಗಡಿಗೆ ಬರುವ ಮೊದಲೇ ನಾನು ಒಹಾಯೊದ ಬಸ್ಸು ಹತ್ತಿದೆ.

ಇಲ್ಲಿ ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಬಾಯಿ ಅರ್ಧ ತೆರೆದು ಹಾಡುತ್ತೇನೆ. ಅಪ್ಪನ ದನಿಯ ರೆಕಾರ್ಡ್ ಇದೆಯೆಂದು ನನ್ನ ಮಗಳು ಯೂನಿಸ್‌ಗೂ ಹೇಳಿಲ್ಲ. ಮಾನವಾಗಿ ಬದುಕಿದ್ದೇನೆ. ಕೆದಕಬೇಡಿ.

ಹೊರೇಸ್ ಗ್ಯಾಡ್ಸ್‌ಡನ್


ಬ್ರಾಂಕ್ಸ್
19 ಜನವರಿ 1997

ಹೊರೇಸ್ ಅಣ್ಣನಿಗೆ,

ಅಣ್ಣ ಎಂದು ಕರೆದದ್ದಕ್ಕೆ ಸಿಟ್ಟಾಗಬೇಡಿ. ನಿಮ್ಮ ಕಾಗದ ಓದಿ ಅತ್ತಿದ್ದೇನೆ, ಅತ್ತವಳಿಗೆ ಅಷ್ಟು ಹಕ್ಕಿದೆ.

ತಪ್ಪೇ? ಯಾವ ತಪ್ಪು ಅಣ್ಣ? ತಾಯಾಣೆಗೂ ಹೇಳುತ್ತೇನೆ, ಅದು ತಪ್ಪೆಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ! ಇಂದು ಬಳಗದಲ್ಲಿ ನಿಮ್ಮ ಕಾಗದ ಓದಿದೆ. ಬಾಯಿಗೆ ಬೀಗವಿಲ್ಲದ ಡೊನಾಟೊ ತನ್ನ ಕುರ್ಚಿಯಲ್ಲಿ ಕುಸಿದು, “ನಾನು ಇಷ್ಟು ದಿನ ಅದನ್ನ ಅವ್ನ ಜಾಣತನ ಅನ್ಕೊಂಡಿದ್ನಲ್ಲೋ” ಅಂದ. ನಾವೆಲ್ಲ ಹಾಗೇ ಅಂದುಕೊಂಡಿದ್ದೆವು.

ನೀವು ಬಸ್ಸು ಹತ್ತಿ ಹೋದಿರಿ, ಆಮೇಲೆ ಇಲ್ಲಿ ಆದದ್ದು ನಿಮಗೆ ಯಾರೂ ಹೇಳಲಿಲ್ಲ. ಆ ಬೇಸಿಗೆ ಪ್ರಾಸ್ಪೆಕ್ಟ್ ಅವೆನ್ಯೂದಲ್ಲಿ ಯಾವ ಕಿಟಕಿ ತೆರೆದಿದ್ದರೂ ಅದರೊಳಗಿಂದ ‘ವಿನೆಟ್ಟಾ’ ಬರುತ್ತಿತ್ತು. ನಮ್ಮ ಬೀದಿ ಆಚೆಯ ಜಗತ್ತಿಗೆ ಅದು ಗೊತ್ತಾಗಲಿಲ್ಲ, ಇರಲಿ. ನಾವು ಹುಡುಗ ಹುಡುಗಿಯರು ಕಟ್ಟಡದೊಳಗಿನ ಮೆಟ್ಟಿಲ ಮೇಲೆ ನಿಂತು ಹಾಡುತ್ತಿದ್ದೆವು, ಅಲ್ಲಿ ಗೋಡೆಯೂ ನಮ್ಮ ಜೊತೆ ಹಾಡುತ್ತಿತ್ತು. ನಮ್ಮ ಮೂರನೇ ಮಹಡಿಯ ದೀಪ ಕೆಟ್ಟಿತ್ತು. ಕತ್ತಲಲ್ಲಿ ಇಳಿಯುವಾಗ ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟರೆ ನೆಲ ಮೊದಲೇ ಸಿಕ್ಕಿಬಿಡುತ್ತಿತ್ತು. ಎದೆ ಝಲ್ಲೆನ್ನುತ್ತಿತ್ತು, ಆಮೇಲೆ ಎಲ್ಲರೂ ನಗುತ್ತಿದ್ದೆವು. ನಿಮ್ಮ ‘ಬೋಂ’ ಕೇಳಿದಾಗಲೂ ಅದೇ ಝಲ್. ಅದಕ್ಕೇ ಆ ಹೆಸರು. ಅಡ್ಡಹೆಸರಲ್ಲ ಅಣ್ಣ, ಮುದ್ದಿನ ಹೆಸರು.

ಅಲ್ಲಿಂದ ಮುಂದೆ ಯಾವ ಬೀದಿ ಮೂಲೆಯಲ್ಲಿ ಯಾವ ಗುಂಪು ಹಾಡಿದರೂ ಆ ಜಾಗದಲ್ಲಿ ತಾಳಕ್ಕೆ ಕಾಯದೆ ಮೊದಲೇ ‘ಬೋಂ’ ಎಂದು ಹಾರಲೇಬೇಕು. ಯಾವನಾದರೂ ಸಮಕ್ಕೆ ಬಂದನೋ, ತಲೆ ಮೇಲೊಂದು ಮೊಟಕಿ, “ಹಾಡೇ ಬರಲ್ಲ ಇವ್ನಿಗೆ, ಕಳ್ಸಿ ಮನೆಗೆ” ಎನ್ನುತ್ತಿದ್ದೆವು. ನಾನೂ ಮೊಟಕಿದ್ದೇನೆ. ಮುಂದೆ ಮದುವೆಯಾದದ್ದೂ ಅವನನ್ನೇ.

ಪರ್ಸಿಗೂ ಹೇಳಿದೆ. ಅವರು ಟೋಪಿ ತೆಗೆದು ಕೈಯಲ್ಲಿ ಒಂದು ಸುತ್ತು ತಿರುಗಿಸಿದರು. ಆಮೇಲೆ, “ಅವ್ನು ಬರೋದಾದ್ರೆ ಬಸ್ ನಿಲ್ದಾಣಕ್ಕೆ ನಾನೇ ಹೋಗ್ತೀನಿ ಅಂತ ಬರಿ” ಅಂದರು.

ಬನ್ನಿ ಅಣ್ಣ.

ನಿಮ್ಮ ಮಿಗ್ದಾಲಿಯಾ


ಡೇಟನ್
23 ಫೆಬ್ರವರಿ 1997

ಮಿಗ್ದಾಲಿಯಾ ಅವರಿಗೆ,

ಉತ್ತರ ತಡವಾಯಿತು. ನಿಮ್ಮ ಕಾಗದ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ಪಾಪ ಎನಿಸಿ ಬರೆದಿರೋ, ಇದ್ದದ್ದನ್ನೇ ಬರೆದಿರೋ ನನಗೆ ತಿಳಿಯಲಿಲ್ಲ. ಯಾವುದಾದರೂ ಆಗಲಿ. ಬರುತ್ತೇನೆ.

ಕೆಲವು ವಿಷಯ ತಿಳಿಸಿ. ತಾಳ ಯಾರು ಹಿಡಿಯುತ್ತಾರೆ? ಪರ್ಸಿ ಮೊದಲಿನ ಹಾಗೆ ಚಿಟಿಕೆ ಹೊಡೆಯುತ್ತಾನೆಯೇ? ಹಾಡಿನ ನಡೆ ರೆಕಾರ್ಡಿನಷ್ಟೇ ಇರಲಿ, ವಯಸ್ಸಾಯಿತೆಂದು ಎಳೆಯುವುದು ಬೇಡ. ನಾನು ಕೆಲಸಕ್ಕೆ ಹೋಗುವ ಮೊದಲು ಗ್ಯಾರೇಜಿನಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಯೂನಿಸ್ ಮೊನ್ನೆ ಬಾಗಿಲಲ್ಲಿ ಬಂದು ನಿಂತು, “ಅಪ್ಪಾ, ಕಾರಿನ ಎಂಜಿನ್ ಕೆಟ್ಟಿದ್ಯಾ, ಏನೋ ಬೋಂ ಬೋಂ ಅಂತಿದೆ” ಎಂದಳು. ಎಲ್ಲ ಹೇಳಬೇಕಾಯಿತು. ಅವಳು ಅಡುಗೆಮನೆಗೆ ಹೋಗಿ ನಿಮ್ಮ ಕ್ಯಾಸೆಟ್ ಹಾಕಿಕೊಂಡು ಕೂತಳು. ಆ ದಿನ ನನಗೆ ತಿಂಡಿ ಇಲ್ಲ.

ಪರ್ಸಿ ಬಸ್ ನಿಲ್ದಾಣಕ್ಕೆ ಬರುವ ಕಷ್ಟ ಬೇಡ. ಮಗಳು ಶಾಲೆಯ ಬಸ್ಸು ಓಡಿಸುವವಳು, ನನ್ನನ್ನು ಕಾರಿನಲ್ಲಿ ತಾನೇ ಕರೆತರುತ್ತಾಳಂತೆ.

ಹೊರೇಸ್


ಬ್ರಾಂಕ್ಸ್
2 ಮಾರ್ಚ್ 1997

ಹೊರೇಸ್ ಅಣ್ಣನಿಗೆ,

ಮೊನ್ನೆ ನಿಮ್ಮ ಕಾಗದ ಹಿಡಿದುಕೊಂಡು ನನ್ನ ಅಂಗಡಿಯಿಂದ ಡೊನಾಟೊನ ಅಂಗಡಿಯವರೆಗೂ ಓಡಿದೆ, ಏಪ್ರನ್ ಬಿಚ್ಚುವುದೂ ನೆನಪಾಗಲಿಲ್ಲ. ಅವನು ಒಬ್ಬ ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ನನ್ನ ಕೈ ಹಿಡಿದು ಕುಣಿದ.

ಇನ್ನು ನಿಮಗೆ ಹೇಳದೇ ಇದ್ದ ಮಾತೊಂದಿದೆ. ಬೈಯಬೇಡಿ. ಕಾರ್ಯಕ್ರಮದ ಪೋಸ್ಟರು ಡಿಸೆಂಬರಿನಲ್ಲೇ ಅಚ್ಚಾಗಿದೆ. ‘ಮಂದ್ರದಲ್ಲಿ ಹೊರೇಸ್ ಗ್ಯಾಡ್ಸ್‌ಡನ್, ಅವರೇ!’ ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿಬಿಟ್ಟಿದ್ದೆ. ನೀವು ಬಾರದಿದ್ದರೆ ನಾನು ನಮ್ಮ ಹಿರಿಯರ ದ್ವೀಪ ಪೋರ್ಟೋರಿಕೋಗೆ ಓಡಿಹೋಗಬೇಕಾಗುತ್ತಿತ್ತು.

ಪರ್ಸಿ ಚಿಟಿಕೆ ಹೊಡೆಯುತ್ತಾರೆ, ನಡೆ ರೆಕಾರ್ಡಿನದೇ. ತಾಳದ ಚಿಂತೆ ನಿಮಗೇಕೆ ಅಣ್ಣ? ನಿಮಗೆ ತೋಚಿದಾಗ ಬನ್ನಿ, ಅದೇ ಸರಿ. ಎದೆ, ಭುಜ, ತೋಳಿನ ಅಳತೆ ಕಳಿಸಿ. ದ್ರಾಕ್ಷಿ ಬಣ್ಣದ ಕೋಟು, ಕಪ್ಪು ಕಾಲರು. ಹೊಲಿಯುವವಳು ನಾನೇ, ಇದರಲ್ಲಿ ವಾದ ಬೇಡ.

ಮಿಗ್ದಾಲಿಯಾ


ಬ್ರಾಂಕ್ಸ್
20 ಏಪ್ರಿಲ್ 1997

ಹೊರೇಸ್ ಅಣ್ಣನಿಗೆ,

ನೀವು ಇನ್ನೂ ಊರು ಮುಟ್ಟಿರಲಿಕ್ಕಿಲ್ಲ, ನಾನಾಗಲೇ ಬರೆಯಲು ಕೂತಿದ್ದೇನೆ. ನಿನ್ನೆ ಹಾಡಿ ಕೂಗಿ ದನಿ ಬಿದ್ದುಹೋಗಿದೆ, ಬರೆಯದೆ ಬೇರೆ ದಾರಿಯಿಲ್ಲ.

ನನ್ನ ಕೋಟು ನಿಮಗೆ ಎಷ್ಟು ಚೆನ್ನಾಗಿ ಕೂತಿತ್ತು! ನೀವು ಪರದೆಯ ಪಕ್ಕದಿಂದ ಬಂದಿರಿ, ಇನ್ನೂ ಒಂದು ಸ್ವರ ಹಾಡಿರಲಿಲ್ಲ, ಇಡೀ ಸಭಾಂಗಣ ಎದ್ದು ನಿಂತಿತು. ಅಷ್ಟು ಜಿಪುಣ ಜನ! ನನ್ನ ಹಿಂದಿನ ಹೆಂಗಸೊಬ್ಬಳು, “ಇಷ್ಟೇ ಎತ್ತರನಾ? ದನಿ ಕೇಳಿ ನಾನು ಗೋಪುರದಷ್ಟಿದಾನೆ ಅನ್ಕೊಂಡಿದ್ದೆ” ಎಂದಳು. ಪರ್ಸಿ ನಿಮ್ಮ ಕಾಲರು ಸರಿ ಮಾಡಿದ್ದನ್ನೂ ನಾನು ನೋಡಿದೆ.

ಆದರೆ ಒಂದು ಮಾತು ನನ್ನನ್ನು ಕೊರೆಯುತ್ತಿದೆ. ‘ವಿನೆಟ್ಟಾ’ದಲ್ಲಿ ಆ ಜಾಗ ಬಂತು. ಕೇಳುತ್ತಿದ್ದ ನಾವೆಲ್ಲ ಎಂದಿನಂತೆ ಮೊದಲೇ ಹಾರಿದೆವು. ನೀವು ಹಾರಲಿಲ್ಲ! ಬಾಯಿ ಬಿಗಿದುಕೊಂಡು ನಿಂತಿರಿ, ಆಮೇಲೆ ತಡವಾಗಿ ಒಬ್ಬರೇ ‘ಬೋಂ’ ಅಂದಿರಿ. ಹಾಡು ಮುರಿದು ಬಿತ್ತು. ಗಾಬರಿಯಾಯಿತೇ ಅಣ್ಣ? ಡೊನಾಟೊ ನನ್ನ ಕಿವಿಯಲ್ಲಿ, “ಪಾಪ, ಮರ್ತಿದಾನೆ, ವಯಸ್ಸಾಯ್ತಲ್ಲ” ಎಂದ. ಪರ್ಸಿ ಮೈಕಿನಲ್ಲಿ, “ಹೊರೇಸ್, ಇಷ್ಟು ವರ್ಷ ಆದ್ಮೇಲೆ ಸಿಕ್ಕಿದೀಯ, ಮತ್ತೆ ತಪ್ಪಿದೆಯಲ್ಲೋ ಮಾರಾಯ!” ಎಂದಾಗ ಜನ ಬಿದ್ದು ಬಿದ್ದು ನಕ್ಕರು. ನೀವೂ ನಕ್ಕಂತೆ ಕಂಡಿತು, ಕಣ್ಣು ಒರೆಸಿಕೊಂಡಂತೆಯೂ ಕಂಡಿತು. ಅದೇ ಹಾಡನ್ನು ಎರಡನೇ ಸಲ ಹಾಡಿದಾಗ ನೀವು ಹಾರಿದಿರಿ ನೋಡಿ, ದೇವರೇ, ಚಾವಣಿ ಹಾರಿಹೋಗದಿದ್ದುದು ನಮ್ಮ ಪುಣ್ಯ.

ಮುಗಿದ ಮೇಲೆ ನೀವು ಕಾಣಲಿಲ್ಲ. ನಿಮಗೆಂದು ಮಾಡಿದ್ದ ತೊಗರಿಕಾಳಿನ ಅನ್ನ ಹಾಗೇ ಉಳಿಯಿತು. ಯೂನಿಸ್ ಬಂದು, “ಅಪ್ಪ ಕಾರಲ್ಲಿ ಕೂತಿದಾರೆ, ಈಗ ಯಾರೂ ಮಾತಾಡಿಸೋದು ಬೇಡ” ಎಂದಳು. ನಾವು ನಕ್ಕದ್ದು ನೋವಾಯಿತೇ? ಕರೆಸಿ ಅವಮಾನ ಮಾಡಿದೆವೇ? ಹೇಳಿಬಿಡಿ ಅಣ್ಣ. ನನಗೆ ನಿದ್ದೆ ಬರುವುದಿಲ್ಲ.

ಮಿಗ್ದಾಲಿಯಾ


ಡೇಟನ್
27 ಏಪ್ರಿಲ್ 1997

ತಂಗಿ ಮಿಗ್ದಾಲಿಯಾಗೆ,

ನಿದ್ದೆ ಮಾಡಮ್ಮ. ನಾನು ಮರೆಯಲಿಲ್ಲ, ಗಾಬರಿಯೂ ಆಗಲಿಲ್ಲ.

ನಾನು ನಿಮ್ಮೂರಿಗೆ ಬಂದದ್ದೇ ಆ ಹಾಡನ್ನು ಸರಿಯಾಗಿ ಹಾಡಲು. ನಿನ್ನ ಕಾಗದವನ್ನು ನಾನು ನಂಬಿರಲಿಲ್ಲ. ಒಳ್ಳೆಯ ಹೆಂಗಸು, ಸಮಾಧಾನ ಹೇಳುತ್ತಿದ್ದಾಳೆ ಎಂದುಕೊಂಡಿದ್ದೆ. ಅದೇ ಬೀದಿಯ ಜನರ ಮುಂದೆ, ಪರ್ಸಿಯ ಪಕ್ಕದಲ್ಲೇ ನಿಂತು, ಹೊರೇಸ್ ಗ್ಯಾಡ್ಸ್‌ಡನ್‌ಗೆ ತಾಳ ಬರುತ್ತದೆ ಎಂದು ಒಂದೇ ಒಂದು ಸಲ ತೋರಿಸಿ ವಾಪಸು ಬರಬೇಕು, ಅಷ್ಟೇ ನನ್ನ ಹಟ. ಗ್ಯಾರೇಜಿನಲ್ಲಿ ಅಭ್ಯಾಸ ಮಾಡಿದ್ದು ಹಾಡುವುದನ್ನಲ್ಲ, ಸುಮ್ಮನಿರುವುದನ್ನು. ಆ ಒಂದು ತಾಳ ಬಾಯಿ ಬಿಗಿ ಹಿಡಿದು ನಿಲ್ಲುವುದನ್ನು.

ನಿಂತೆ ಕೂಡ. ಪರ್ಸಿಯ ಉಸಿರು ಮುಗಿಯಿತು. ನಾನು ತುಟಿ ಬಿಗಿದೆ. ನಿಶ್ಶಬ್ದ ಬರುತ್ತದೆ ಎಂದು ಕಾದೆ. ಬಂದದ್ದು ನಾನು! ಮುಂದಿನ ಸಾಲಿನಿಂದ ಮೇಲಿನ ಬಾಲ್ಕನಿಯವರೆಗೆ, ಗಂಡಸರು, ಹೆಂಗಸರು, ಊರುಗೋಲಿನ ಮುದುಕರು, ನಿನ್ನ ಡೊನಾಟೊ, ಎಲ್ಲರ ಬಾಯಿಂದ ನನ್ನ ಹದಿನೆಂಟರ ‘ಬೋಂ’ ಬಂತು. ಅದು ಎಷ್ಟು ಮೊದಲು ಬೀಳಬೇಕೋ ಅಷ್ಟೇ ಮೊದಲು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನನ್ನ ಕಾಲ ಕೆಳಗಿನ ಹಲಗೆ ಅದುರಿತು. ಯಾರೂ ನಗುತ್ತಿರಲಿಲ್ಲ ತಂಗಿ. ಎಲ್ಲರೂ ಹಾಡುತ್ತಿದ್ದರು, ಕೆಲವರು ಕಣ್ಣು ಮುಚ್ಚಿಕೊಂಡು. ಆಮೇಲೆ ನಾನು ಸರಿಯಾದ ತಾಳಕ್ಕೆ ಒಬ್ಬನೇ ಬಂದೆ, ಊಟ ಮುಗಿದ ಮೇಲೆ ಬಂದ ನೆಂಟನ ಹಾಗೆ. ಇಡೀ ಸಭಾಂಗಣದಲ್ಲಿ ತಪ್ಪು ಹಾಡಿದವನು ನಾನೊಬ್ಬನೇ! ಪರ್ಸಿ ಹಾಗೆ ಅಂದಾಗ ನನಗೆ ಬಂದ ನಗು ಹೊಟ್ಟೆಯ ಆಳದಿಂದ ಬಂದದ್ದು, ಯಾವ ರೆಕಾರ್ಡಿನಲ್ಲೂ ನಾನು ಅಷ್ಟು ಮಂದ್ರಕ್ಕೆ ಇಳಿದಿಲ್ಲ.

ಕಾರಿನಲ್ಲಿ ಕೂತು ಅತ್ತೆ, ಅದನ್ನೂ ಹೇಳಿಬಿಡುತ್ತೇನೆ. ದುಃಖಕ್ಕಲ್ಲ. ನಾನು ಓಡಿಹೋದೆ, ಆದರೆ ನೀವೆಲ್ಲ ಸೇರಿ ನನ್ನನ್ನು ಅಲ್ಲೇ ಇಟ್ಟುಕೊಂಡಿದ್ದಿರಿ. ಮೆಟ್ಟಿಲ ಮೇಲೆ, ಮೂಲೆಯಲ್ಲಿ, ಮುಂದೆ ಗಂಡನಾಗುವವನ ತಲೆ ಮೇಲೆ ಮೊಟಕಿಯಾದರೂ. ಇಷ್ಟು ಹೆಮ್ಮೆಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ಗೊತ್ತಾಗಲಿಲ್ಲ. ಅನ್ನ ಬಿಟ್ಟು ಬಂದದ್ದಕ್ಕೆ ಕ್ಷಮಿಸು. ಶರತ್ಕಾಲಕ್ಕೆ ಮತ್ತೆ ಕಾರ್ಯಕ್ರಮವಿದೆಯೆಂದು ಪರ್ಸಿ ಫೋನಿನಲ್ಲಿ ಹೇಳಿದ. ಆಗ ಮೊದಲು ಊಟ, ಆಮೇಲೆ ಹಾಡು.

ವಾಪಸು ಬರುವಾಗ ಪೆನ್ಸಿಲ್ವೇನಿಯಾದ ಗುಡ್ಡಗಳ ನಡುವೆ ಯೂನಿಸ್ ಸ್ಟಿಯರಿಂಗ್ ಮೇಲೆ ಬೆರಳು ಬಡಿಯುತ್ತಾ ‘ವಿನೆಟ್ಟಾ’ ಗುನುಗಿದಳು. ಆ ಜಾಗಕ್ಕೆ ಬಂದಾಗ ನಿಲ್ಲಿಸಿ, ಒಂದು ತಾಳ ಬಿಟ್ಟು, ಸಮಕ್ಕೆ ಸರಿಯಾಗಿ ‘ಬೋಂ’ ಅಂದಳು. ನಾನು ಅವಳ ತಲೆ ಮೇಲೊಂದು ಮೊಟಕಿದೆ.

“ಏನಪ್ಪಾ, ಸರಿಯಾಗೇ ಹಾಡಿದ್ನಲ್ಲ!” ಎಂದಳು.

“ಎಲ್ಲಿ ಸರಿ? ಹಾಡೇ ಬರಲ್ವಲ್ಲೇ ನಿಂಗೆ. ಇನ್ನೂ ಮೊದ್ಲು ಬಾ ಮಗಳೇ, ಇನ್ನೂ ಮೊದ್ಲು!” ಎಂದೆ.

ಪಿಟ್ಸ್‌ಬರ್ಗ್ ದಾಟುವ ಹೊತ್ತಿಗೆ ಅವಳಿಗೆ ಬಂತು.

ಹೊರೇಸ್ ಅಣ್ಣ